ಅಮಾವಾಸ್ಯೆ ಪಾಲಿಸುತ್ತಿದ್ದ ಭೂಕಂಪಗಳು

ನಾನು ಭೂಕಂಪದ ಕಚೇರಿಯಲ್ಲಿ ಇದ್ದವಳು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಮುಂದಿನದು ಯಾವಾಗ? ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಕೇಳಿದವರಿದ್ದಾರೆ. ಗೊತ್ತಿಲ್ಲ ಎಂದರೆ, ಹಾಗಾದರೆ ಇಷ್ಟು ವರ್ಷ ಪಗಾರ ಯಾತಕ್ಕೆ ತೆಗೆದುಕೊಂಡೆ ಎನ್ನುವ ಹಾಗೆ ನನ್ನನ್ನು ನೋಡಿ, ತುಪ್ಪದ ಮಿಳ್ಳಿಯನ್ನು ಪಕ್ಕದವರ ಎಲೆಯ ಕಡೆ ಒಯ್ಯುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಇಲಾಖೆಯ ದೊಡ್ಡ ಅಧಿಕಾರಿಗಳಲ್ಲಿಯೂ ಅರ್ಧ ಜನ ಅದನ್ನೇ ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡುವಾಗ ಮಾತ್ರ ಎದ್ದು ನಿಲ್ಲಬೇಕಾಗಿತ್ತು.

ನನ್ನ ಕೆಲಸ ಸಂಖ್ಯಾಶಾಸ್ತ್ರದ್ದು. ಯಾವಾಗ ಎನ್ನುವುದಲ್ಲ, ಎಷ್ಟು ದೊಡ್ಡದು ಎಷ್ಟು ಅಪರೂಪ ಎನ್ನುವುದಷ್ಟೇ ನನ್ನ ಲೆಕ್ಕ. ಯಾವ ಪ್ರದೇಶದಲ್ಲಿಯೂ ಸಣ್ಣ ಕಂಪನಗಳು ಬಹಳ, ದೊಡ್ಡವು ಕಡಿಮೆ. ಪ್ರಮಾಣದಲ್ಲಿ ಒಂದು ಅಂಕಿ ಮೇಲೆ ಹೋದರೆ ಸಂಖ್ಯೆ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ಲಾಗರಿದಮ್ ನಕ್ಷೆಯ ಮೇಲೆ ಗುರುತು ಹಾಕಿದರೆ ಎಡದಿಂದ ಬಲಕ್ಕೆ ಇಳಿಯುವ ಒಂದು ನೇರ ಗೆರೆ ಸಿಗುತ್ತದೆ. ದೊಡ್ಡ ಭೂಕಂಪವನ್ನು ನಮ್ಮ ಆಯುಷ್ಯದಲ್ಲಿ ನಾವು ನೋಡದೇ ಇರಬಹುದು. ಆದರೆ ಆ ಗೆರೆಯನ್ನು ಬಲಕ್ಕೆ ಇನ್ನಷ್ಟು ಎಳೆದರೆ ಅದು ಎಷ್ಟು ಅಪರೂಪ ಎಂದು ಅಂದಾಜಾಗುತ್ತದೆ. ಗೆರೆ ಕಡಿದಾಗಿ ಇಳಿದರೆ ದೊಡ್ಡದು ತೀರ ವಿರಳ, ಕಟ್ಟಡಕ್ಕೆ ತೆಳ್ಳಗಿನ ಕಂಬ ಸಾಕು. ನಿಧಾನವಾಗಿ ಇಳಿದರೆ ಕಂಬ ದಪ್ಪ ಬೇಕು, ಕಬ್ಬಿಣ ಹೆಚ್ಚು ಬೇಕು. ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ತಂತ್ರಾಂಶ ಮಾಡುತ್ತದೆ. ತಂತ್ರಾಂಶಕ್ಕೆ ಬಾರದ ಭಾಗವನ್ನು ನಾನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಷಯ ಬಿಡುತ್ತೇನೆ, ಅವು ಸಿಕ್ಕಾಗಲೇ ಯಾರಿಗೂ ಆಸಕ್ತಿ ಇರಲಿಲ್ಲ.

ನಮ್ಮ ಶಾಖಾ ಕಚೇರಿ ಗೋಕಾಕದಲ್ಲಿತ್ತು. ಕೆಳಗೆ ಕರದಂಟಿನ ಅಂಗಡಿ, ಮೇಲೆ ನಾವು. ಮಧ್ಯಾಹ್ನದ ಹೊತ್ತಿಗೆ ಬೆಲ್ಲದ ಪಾಕದ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಕಂಪನ ಹಿಡಿಯುವ ಯಂತ್ರ ಇದ್ದದ್ದು ಧುಪದಾಳದಲ್ಲಿ, ಒಡ್ಡಿನಿಂದ ಸ್ವಲ್ಪ ದೂರದ ಒಂದು ಸಣ್ಣ ಕೋಣೆಯಲ್ಲಿ. ನಾನು ಸೇರಿದ ಕಾಲಕ್ಕೆ ಅದು ಉರುಳೆಗೆ ಸುತ್ತಿದ ಕಾಗದದ ಮೇಲೆ ಮಸಿಯ ಸೂಜಿಯಿಂದ ಗೆರೆ ಎಳೆಯುತ್ತಿತ್ತು. ಆ ಕೋಣೆಯ ಹೊರಗೋಡೆಗೆ ಎಮ್ಮೆಗಳು ಬಂದು ಮೈ ತಿಕ್ಕುತ್ತಿದ್ದವು. ಎಮ್ಮೆಯ ಗೆರೆ ಯಾವುದು, ಭೂಮಿಯದು ಯಾವುದು ಎಂದು ಗುರುತಿಸಲು ಕಲಿಯುವುದೇ ನಮ್ಮ ಮೊದಲ ವರ್ಷದ ತರಬೇತಿ. ಆಮೇಲೆ ಡಿಜಿಟಲ್ ಯಂತ್ರ ಬಂತು. ಕಂಪನವನ್ನು ತಾನೇ ಹುಡುಕಿ, ತಾನೇ ಅಳೆದು, ತಾನೇ ಪಟ್ಟಿಗೆ ಸೇರಿಸುವ ತಂತ್ರಾಂಶವೂ ಬಂತು. ಎಮ್ಮೆಗಳನ್ನು ಅದು ಚೆನ್ನಾಗಿಯೇ ಬಿಟ್ಟುಬಿಡುತ್ತಿತ್ತು. ಆದರೆ ಕಂಪನದ ಆಳ ಗೊತ್ತಾಗದಿದ್ದಾಗ, ಗೊತ್ತಿಲ್ಲ ಎನ್ನುವ ಅಭ್ಯಾಸ ಅದಕ್ಕೆ ಇರಲಿಲ್ಲ. ಹತ್ತು ಕಿಲೋಮೀಟರ್ ಎಂದು ಬರೆದು ಮುಂದೆ ಹೋಗುತ್ತಿತ್ತು. ನಮ್ಮ ಮೇಲಧಿಕಾರಿ ಇನಾಮದಾರ ಸಾಹೇಬರು ಅದನ್ನು ಪತ್ರಿಕೆಯವರಿಗೆ ಗಂಭೀರವಾಗಿ ಓದಿ ಹೇಳುತ್ತಿದ್ದರು: ಭೂಮಿಯ ಹತ್ತು ಕಿಲೋಮೀಟರ್ ಆಳದಲ್ಲಿ ಲಘು ಕಂಪನ ಸಂಭವಿಸಿದೆ, ಜನ ಭಯಪಡಬೇಕಾಗಿಲ್ಲ.

ಇನಾಮದಾರ ಸಾಹೇಬರು ಕೆಟ್ಟವರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಯಾವ ಅಂಕಿಗೂ ದಶಮಾಂಶದ ನಂತರ ಮೂರು ಸ್ಥಾನ ಇರಲೇಬೇಕು ಎನ್ನುವುದು ಅವರ ನಂಬಿಕೆ. ಮೇಲಿನ ಕಚೇರಿಗೆ ಪ್ರತಿ ತಿಂಗಳು ವರದಿ ಹೋಗುತ್ತಿತ್ತು. ಅದರಲ್ಲಿ ಕಂಪನಗಳ ಸಂಖ್ಯೆ ಏರಿದರೆ ಶಾಖೆ ಚುರುಕಾಗಿದೆ ಎಂದು ಶಹಬ್ಬಾಸ್, ಇಳಿದರೆ ಯಂತ್ರ ಕೆಟ್ಟಿದೆಯೇ ಎಂದು ವಿಚಾರಣೆ. ಹೀಗಾಗಿ ಭೂಮಿ ಸುಮ್ಮನಿದ್ದ ತಿಂಗಳು ಸಾಹೇಬರ ಮುಖ ಬಾಡಿರುತ್ತಿತ್ತು. ಹೊಸ ತಂತ್ರಾಂಶ ಬಂದ ಮೇಲೆ ಅಂಥ ತಿಂಗಳುಗಳೇ ಇಲ್ಲವಾದವು. ಸಣ್ಣ ಕಂಪನಗಳು ಮೇಲಿಂದ ಮೇಲೆ ಬಂದವು, ಬಹುಪಾಲು ಅಂಕಲಗಿಯ ದಿಕ್ಕಿನಿಂದ. ಸಾಹೇಬರು ಗೋಡೆಯ ನಕ್ಷೆಯ ಮೇಲೆ ಅಂಕಲಗಿಯ ಸುತ್ತ ಕೆಂಪು ಪೆನ್ನಿನಿಂದ ಒಂದು ವೃತ್ತ ಎಳೆದು, ಬಂದವರಿಗೆಲ್ಲ ತೋರಿಸತೊಡಗಿದರು.

ಆ ವೃತ್ತದ ಒಳಗಿನಿಂದಲೇ ಒಂದು ದಿನ ಗಂಗವ್ವ ಬಂದಳು. ಅಂಕಲಗಿಯ ಆಚೆ, ಕಲ್ಲಿನ ಕ್ವಾರಿಗಳ ಕೆಳಗಿನ ಒಂದು ವಸತಿಯವಳು, ಕೂಲಿ ಮಾಡಿ ಮಕ್ಕಳನ್ನು ದಡ ಮುಟ್ಟಿಸಿದವಳು. ಅವಳ ಮನೆಯ ಪಡಸಾಲೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಸಾಹೇಬರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಡಿಸಿ, ಭೂಕಂಪದ ಮುನ್ನೆಚ್ಚರಿಕೆಯ ಬಣ್ಣದ ಪುಸ್ತಿಕೆಯನ್ನು ಬಿಡಿಸಿ ತೋರಿಸಿದರು. ನೆಲ ಅಲುಗಿದ ಕೂಡಲೇ ಗಟ್ಟಿಯಾದ ಟೇಬಲ್ಲಿನ ಕೆಳಗೆ ಕುಳಿತುಕೊಳ್ಳಬೇಕು ಎಂದು ವಿವರಿಸಿದರು. ಗಂಗವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಟೇಬಲ್ ನಮ್ಮ ಮನ್ಯಾಗ ಇಲ್ರಿ ಯಪ್ಪಾ," ಅಂದಳು. "ಇದ್ರೂ ನನ್ನ ಮೊಳಕಾಲ ಬಾಗೂದಿಲ್ಲ."

ಹೋಗುವಾಗ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿ, ತಾನು ಖರೆ ಕೇಳಲು ಬಂದ ಮಾತು ಬೇರೆಯೇ ಇತ್ತು ಅಂದಳು. "ಕ್ವಾರಿ ಸಾವಕಾರ್ರಿಗೆ ಹೋಗಿ ಕೇಳಿದ್ರ, ನಂದೇನಿಲ್ಲವಾ, ಅದು ಭೂಕಂಪ ಅಂತಾರ್ರಿ. ಪೇಪರ್‌ನ್ಯಾಗ ನಿಮ್ಮ ಆಫೀಸಿನವ್ರೂ ಹಂಗ ಬರಸ್ತೀರಿ. ನಮ್ಮ ಗ್ವಾಡಿ ಯಾರು ಸೀಳಿದ್ರು ಅಷ್ಟ ಹೇಳ್ರಿ ಬಾಯಾರ."

ನೋಡಿ ಹೇಳುತ್ತೇನೆ ಅಂದೆ. ಸರಕಾರಿ ಕಚೇರಿಯಲ್ಲಿ ನೋಡಿ ಹೇಳುತ್ತೇನೆ ಎಂದರೆ ಏನರ್ಥ ಎಂದು ಅವಳಿಗೂ ಗೊತ್ತಿತ್ತು. ತಲೆಯಾಡಿಸಿ ಸೆರಗು ಹೊದ್ದುಕೊಂಡು ಇಳಿದು ಹೋದಳು.

ಆದರೆ ನಾನು ನೋಡಿದೆ. ಪಟ್ಟಿಯಲ್ಲಿನ ಕಂಪನಗಳನ್ನು ಗಾತ್ರದ ಪ್ರಕಾರ ಜೋಡಿಸುವುದನ್ನು ಬಿಟ್ಟು, ದಿನದ ಯಾವ ಗಂಟೆಗೆ ಬಂದವು ಎಂದು ಜೋಡಿಸಿದೆ. ನಿಜವಾದ ಭೂಕಂಪಕ್ಕೆ ಹಗಲು ರಾತ್ರಿಯ ಭೇದವಿಲ್ಲ. ನಮ್ಮ ಅಂಕಲಗಿಯ ಭೂಕಂಪಗಳು ಮಾತ್ರ ಬೆಳಗಿನ ಚಹಾ ಆದ ಮೇಲೆ ಶುರುವಾಗಿ, ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಜೋರಾಗಿ, ಸಂಜೆ ದನ ಮನೆಗೆ ಬರುವುದರೊಳಗೆ ನಿಂತುಹೋಗುತ್ತಿದ್ದವು. ಆಮೇಲೆ ವಾರದ ಪ್ರಕಾರ ಜೋಡಿಸಿದೆ. ರವಿವಾರ ಪೂರ್ತಿ ಖಾಲಿ. ಆಮೇಲೆ, ಯಾಕೋ ಅನುಮಾನ ಬಂದು, ಪಂಚಾಂಗ ತೆಗೆದುಕೊಂಡು ಕುಳಿತೆ. ಅಮಾವಾಸ್ಯೆಯ ದಿನ ಒಂದೂ ಇಲ್ಲ. ನಾಗರ ಪಂಚಮಿಗೆ ಇಲ್ಲ, ಬಸವ ಜಯಂತಿಗೆ ಇಲ್ಲ, ದೀಪಾವಳಿಗಂತೂ ಸತತ ರಜೆ. ನಮ್ಮ ಕಡೆ ಅಮಾವಾಸ್ಯೆಗೆ ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲ, ಕೂಲಿಯವರು ಕೆಲಸಕ್ಕೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಭೂಮಿಯೂ ಅದನ್ನು ಪಾಲಿಸುತ್ತದೆ ಎಂಬುದು ಹೊಸ ವಿಷಯವಾಗಿತ್ತು.

ನಕ್ಷೆಗಳನ್ನು ಸಾಹೇಬರ ಮುಂದೆ ಹರವಿದೆ. ಇವು ಭೂಕಂಪಗಳಲ್ಲ, ಕ್ವಾರಿಯಲ್ಲಿ ಮದ್ದು ಹಾರಿಸುವ ಸ್ಫೋಟಗಳು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಅಮಾವಾಸ್ಯೆಯ ಕಾಲಮ್ಮಿನ ಮೇಲೆ ಬಿತ್ತು. ಹಸಿರು ಪೆನ್ನು ತೆಗೆದು ಅದರ ಸುತ್ತ ಗೆರೆ ಎಳೆದರು. ಅವರ ಮುಖದಲ್ಲಿ ನಾನು ಅಂದು ಕಂಡ ಸಂತೋಷವನ್ನು ಆಮೇಲೆ ಅವರ ಮಗಳ ಮದುವೆಯಲ್ಲಿಯೂ ಕಾಣಲಿಲ್ಲ. ಚಂದ್ರನ ಸೆಳೆತಕ್ಕೂ ಭೂಕಂಪಕ್ಕೂ ಇರುವ ಸಂಬಂಧವನ್ನು ಜಗತ್ತಿನಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ ಅಂದರು. ಮುಂದಿನ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಬೇಕು ಅಂದರು. ನನ್ನ ಹೆಸರನ್ನೂ ಎರಡನೆಯದಾಗಿ ಹಾಕುತ್ತೇನೆ ಅಂದರು. ರವಿವಾರದ ವಿಷಯ ಏನು ಮಾಡೋಣ ಎಂದು ಕೇಳಿದೆ.

"ಅದು ಸಣ್ಣ ಆವರ್ತನ ಬಾಯಾರ. ಇನ್ನೊಂದು ಪ್ರಬಂಧಕ್ಕ ಇಟ್ಟುಕೊಳ್ಳೋಣ."

ಚಂದ್ರನ ಸೆಳೆತ ಹುಣ್ಣಿಮೆಗೂ ಇರುತ್ತದೆ, ಹುಣ್ಣಿಮೆಗೆ ನಮ್ಮ ಭೂಕಂಪಗಳು ದಂಡಿಯಾಗಿ ಬಂದಿವೆ ಎಂದೆ. ನೀವು ಬರೀ ಲೆಕ್ಕ ನೋಡುತ್ತೀರಿ, ಹಿಂದಿನ ತತ್ವ ನೋಡುವುದಿಲ್ಲ ಎಂದು ಅವರು ನಕ್ಕರು.

ಮರುವಾರ ಆಫೀಸಿನ ಜೀಪಿನಲ್ಲಿ ಅಂಕಲಗಿಗೆ ಹೋದೆ. ಕ್ವಾರಿಯ ಮಾಲೀಕ ಶಿವಗೌಡರು ದೊಡ್ಡ ಮನುಷ್ಯ, ಮಾತು ಮೃದು. ಸುತ್ತ ಎಲ್ಲರೂ ಅವರನ್ನು ಸಾವಕಾರ್ರು ಎಂದೇ ಕರೆಯುತ್ತಿದ್ದರು. ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಸಿ ಹಸಿಶುಂಠಿಯ ಚಹಾ ತರಿಸಿದರು. ಅವರು ನಾಲ್ಕು ಸುಳ್ಳು ಹೇಳುತ್ತಾರೆ, ನಾನು ನಾಲ್ಕು ನಕ್ಷೆ ತೋರಿಸುತ್ತೇನೆ ಎಂದು ಸಿದ್ಧಳಾಗಿ ಬಂದಿದ್ದೆ. ಅದರ ಅವಶ್ಯಕತೆ ಬೀಳಲಿಲ್ಲ. ನಿಮ್ಮ ಸ್ಫೋಟಗಳು ಧುಪದಾಳದ ನಮ್ಮ ಯಂತ್ರದಲ್ಲಿ ಭೂಕಂಪದ ಹಾಗೆ ಬೀಳುತ್ತಿವೆ ಎಂದಾಗ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಧುಪದಾಳತನಕ ಮುಟ್ಟತೈತ್ರಿ? ನಮ್ಮದು ಎಷ್ಟಕ್ಕ ಬಂದೈತಿ?"

ಹೇಳಿದೆ.

"ಬಾಜೂದ ಕ್ವಾರಿಯವ್ರದು?"

ಅದನ್ನೂ ಹೇಳಿದೆ. ಬಾಜೂದವರದು ಸ್ವಲ್ಪ ಕಡಿಮೆ. ಸಾವಕಾರ್ರು ಮೀಸೆಯ ಮೇಲೆ ಕೈ ಆಡಿಸಿ, ಅವರ ಕಲ್ಲೇ ಮೆತ್ತಗಿನದು, ಅದರಲ್ಲಿ ಅವರ ತಪ್ಪಿಲ್ಲ ಎಂದು ದೊಡ್ಡ ಮನಸ್ಸಿನಿಂದ ಹೇಳಿದರು. ಹೀಗಾಗಿ ಅವರಿಂದ ಸ್ಫೋಟದ ಸಮಯ ಪಡೆಯುವುದು ಕಷ್ಟವಾಗಲಿಲ್ಲ. ಅಂದಿನಿಂದ ಮದ್ದು ಹಾರಿಸುವ ಮೊದಲು ಅವರ ಮೇಸ್ತ್ರಿ ನನಗೆ ವಾಟ್ಸ್ಯಾಪ್ ಮಾಡತೊಡಗಿದ. ಆಮೇಲೆ ಸಾವಕಾರ್ರೇ ಫೋನ್ ಮಾಡಿ ಫಲಿತಾಂಶ ಕೇಳುತ್ತಿದ್ದರು. ಕೆಲವು ತಿಂಗಳಲ್ಲಿ ಅಂಕಲಗಿಯ ಕಡೆಯ ಒಂದೊಂದು ಭೂಕಂಪಕ್ಕೂ ಅಪ್ಪ ಯಾರು ಎಂದು ನನಗೆ ಗೊತ್ತಾಯಿತು. ಹಳ್ಳಿಯವರಿಗೆ ಇದನ್ನು ಭೂಕಂಪ ಎಂದು ಯಾಕೆ ಹೇಳಿದಿರಿ ಎಂದು ಒಮ್ಮೆ ಕೇಳಿದೆ. ಸರಕಾರವೇ ಹೇಳಿದ ಮೇಲೆ ನಾನು ಬೇರೆ ಹೇಳಿದರೆ ಚಲೋ ಅನಿಸುವುದಿಲ್ಲ ಅಂದರು. ಗಂಗವ್ವನ ಗೋಡೆ ಸೀಳಿದ್ದು ಅವರ ಮದ್ದು ಇರಬಹುದು, ಆದರೆ ಅದಕ್ಕೆ ಅಡ್ಡ ಹಿಡಿದ ಛತ್ರಿ ನಮ್ಮ ಕಚೇರಿಯದೇ ಆಗಿತ್ತು.

ಇಷ್ಟರಲ್ಲಿ ನಿಜವಾದ ಭೂಕಂಪವೊಂದು ಬಂತು. ಅಂಕಲಗಿಯ ಸಣ್ಣವುಗಳಿಗಿಂತ ಅಳತೆಯಲ್ಲಿ ಸಾಕಷ್ಟು ದೊಡ್ಡದು, ಮೂಡಲಗಿಯ ಕಡೆಯಿಂದ. ನಮ್ಮಂಥ ಲೆಕ್ಕದವರಿಗೆ ಇಂಥ ಮಧ್ಯಮ ಗಾತ್ರದ್ದೊಂದು ಸಿಕ್ಕರೆ ಸಣ್ಣ ನೂರಕ್ಕಿಂತ ಹೆಚ್ಚು. ಆದರೆ ಅದು ಬಂದದ್ದು ಅಮಾವಾಸ್ಯೆಯ ದಿನ ಮಧ್ಯಾಹ್ನ. ಪ್ರಬಂಧದ ಕರಡು ಸಾಹೇಬರ ಮೇಜಿನ ಮೇಲೆ ಟೈಪಾಗಿ ಕುಳಿತಿತ್ತು. ಅವರು ಪರದೆ ನೋಡಿ, ಇದು ಯಂತ್ರದ ದೋಷ, ಪಟ್ಟಿಯಿಂದ ತೆಗೆಯಿರಿ ಅಂದರು.

"ಯಂತ್ರ ಸರಿ ಐತ್ರಿ ಸರ್," ಅಂದೆ.

"ಅಮಾಸಿ ದಿವಸ ಹೆಂಗ ಬರ್ತೈತ್ರಿ?"

ಕ್ವಾರಿಯ ಸ್ಫೋಟಗಳನ್ನೆಲ್ಲ ಭೂಕಂಪ ಎಂದು ಪಟ್ಟಿಯಲ್ಲಿಟ್ಟು, ಕೈಗೆ ಸಿಕ್ಕ ನಿಜವಾದ ಭೂಕಂಪವನ್ನು ಸುಳ್ಳು ಎಂದು ಹೊರಗೆ ಹಾಕುವ ಹಂತಕ್ಕೆ ನಾವು ಬಂದಿದ್ದೆವು. ಜನರಿಗೆ ಅದು ತಿಳಿದಿದೆಯೇ ನೋಡಿ ಬರುತ್ತೇನೆ, ಆಮೇಲೆ ನಿರ್ಧಾರ ಮಾಡೋಣ ಎಂದು ಒಪ್ಪಿಸಿ ಮರುದಿನ ಮೂಡಲಗಿಯ ಹತ್ತಿರದ ಕುಲಗೋಡಕ್ಕೆ ಹೋದೆ.

ಇಂಥ ವಿಚಾರಣೆಗೆ ಹೋಗುವ ಹೊಸಬರಿಗೆ ಒಂದು ಮಾತು. ಸರಕಾರದ ಜೀಪಿನಿಂದ ಇಳಿದು ಭೂಕಂಪ ಆಯಿತೇ ಎಂದು ಕೇಳಬೇಡಿ. ನಾನು ಕೇಳಿಬಿಟ್ಟೆ. ಅರ್ಧ ಗಂಟೆಯಲ್ಲಿ ಪಂಚಾಯಿತಿ ಕಟ್ಟೆಯ ಮುಂದೆ ಜನ ಸೇರಿದರು. ಒಬ್ಬರ ಹಿತ್ತಲ ಗೋಡೆ ಬಿದ್ದಿತ್ತು, ಆದರೆ ಅದರ ಮೇಲೆ ಹುಲ್ಲು ಬೆಳೆದು ಎಷ್ಟೋ ಮಳೆಗಾಲ ಆಗಿದ್ದವು. ಇನ್ನೊಬ್ಬರು ನೆಲದಿಂದ ಹೊಗೆ ಬಂತು ಅಂದರು. ಮತ್ತೊಬ್ಬರು ತಮ್ಮ ಮೋಟಾರ್ ಪಂಪು ಸುಟ್ಟಿದ್ದು ಇದರಿಂದಲೇ ಎಂದು ಬರೆದುಕೊಳ್ಳಲು ಹೇಳಿದರು. ಪರಿಹಾರ ಕೊಡುವ ಇಲಾಖೆ ನಮ್ಮದಲ್ಲ ಎಂದು ತಿಳಿದ ಕೂಡಲೇ ಭೂಕಂಪದಲ್ಲಿ ಅವರ ಆಸಕ್ತಿ ಇಳಿಯಿತು. ಜನ ಕಬ್ಬಿನ ಹೊಲಗಳ ಕಡೆ ಕರಗಿಹೋದರು.

ಉಳಿದವರು ಕಟ್ಟೆಯ ಮೇಲಿದ್ದ ಮಲ್ಲಪ್ಪಜ್ಜ ಮಾತ್ರ. ಅವರಿಗೆ ಕಣ್ಣು ಮಂದ, ಆ ಮಧ್ಯಾಹ್ನ ಮನೆಯಲ್ಲಿಯೇ ಇದ್ದರು. ಏನಾದರೂ ಅನಿಸಿತೇ ಎಂದಷ್ಟೇ ಕೇಳಿದೆ.

"ಮದಲ ದನ ಎದ್ದು ನಿಂತ್ವು. ಆಮ್ಯಾಲ ಅಡಗಿ ಮನ್ಯಾಗ ಭಾಂಡೆ ಸಪ್ಪಳಾತು. ಬೆಕ್ಕ ಹೊಕ್ಕೈತಿ ಅಂತ ಸೊಸಿಗೆ ಒದರಿದ್ನಿ. ಆಕಿ ಹೊರಗ ನಿಂತಾಕಿ, ಮಾಮಾ ಬೆಕ್ಕ ನನ್ನ ಕಾಲಾಗ ಐತಿ ಅಂದ್ಲು."

ಆಮೇಲೆ ಮನೆ ಮನೆಗೆ ಹೋಗಿ ಹೆಂಗಸರನ್ನು ಅಡುಗೆಮನೆಯಲ್ಲಿಯೇ ಮಾತಾಡಿಸಿದೆ. ಗೂಡಿನ ಮೇಲಿನ ಹಿತ್ತಾಳೆ ಚರಿಗೆ ಉರುಳಿದ್ದು, ತೂಗು ತೊಟ್ಟಿಲು ತಾನೇ ಅಲುಗಿದ್ದು, ಒಲೆಯ ಮೇಲಿನ ಸಾರು ತುಳುಕಿದ್ದು, ಎಲ್ಲವೂ ಒಂದೇ ಹೊತ್ತಿಗೆ ಹೊಂದಿದವು. ಯಾರೂ ಅದನ್ನು ಭೂಕಂಪ ಎಂದು ಕರೆದಿರಲಿಲ್ಲ. ಸಾಹೇಬರು ನನ್ನ ವರದಿ ಓದಿ, ಭೂಕಂಪವನ್ನು ಪಟ್ಟಿಯಲ್ಲಿ ಉಳಿಸಲು ಒಪ್ಪಿದರು. ಪ್ರಬಂಧವನ್ನು ಡ್ರಾವರಿಗೆ ಹಾಕಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈ ಎಲ್ಲ ಜಗಳ ಲೆಕ್ಕದ ಕೋಣೆಯೊಳಗೇ ಮುಗಿದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಅದೇ ವರ್ಷ ಮೂಡಲಗಿಗೆ ಹೆರಿಗೆ ಆಸ್ಪತ್ರೆಯ ಹೊಸ ಕಟ್ಟಡ ಮಂಜೂರಾಯಿತು. ಭೂಕಂಪದ ಅಪಾಯದ ಅಂದಾಜು ಕೊಡಿ ಎಂದು ನಮಗೆ ಬರೆದರು. ಆಸ್ಪತ್ರೆಯ ಲೆಕ್ಕ ಸಾಮಾನ್ಯ ಮನೆಯ ಹಾಗಲ್ಲ. ಊರಿನ ಮನೆಗಳು ಬಿದ್ದ ದಿನವೇ ಅದು ನಿಂತಿರಬೇಕು.

ನಾನು ಗೆರೆಯನ್ನು ಎರಡು ಸಲ ಎಳೆದೆ. ಸ್ಫೋಟಗಳೂ ಸೇರಿದ ಹಳೆಯ ಪಟ್ಟಿಯಿಂದ ಒಂದು, ಅವನ್ನು ತೆಗೆದ ಪಟ್ಟಿಯಿಂದ ಇನ್ನೊಂದು. ಕ್ವಾರಿಯ ಮದ್ದಿನಿಂದ ಸಣ್ಣ ಕಂಪನಗಳು ಸುಳ್ಳಾಗಿ ಹೆಚ್ಚಾಗಿದ್ದರಿಂದ ಮೊದಲ ಗೆರೆಯ ಎಡತುದಿ ಮೇಲೆದ್ದು, ಗೆರೆ ಕಡಿದಾಗಿ ಬಲಕ್ಕೆ ಬೇಗ ನೆಲ ಮುಟ್ಟುತ್ತಿತ್ತು. ದೊಡ್ಡ ಭೂಕಂಪ ಇಲ್ಲಿ ಇಲ್ಲವೆಂಬಷ್ಟು ಅಪರೂಪ ಎಂದು ಅದು ಹೇಳುತ್ತಿತ್ತು. ಎರಡನೆಯ ಗೆರೆ ನಿಧಾನವಾಗಿ ಇಳಿಯುತ್ತಿತ್ತು. ಅಂದರೆ ಸಾವಕಾರ್ರು ಹೆಚ್ಚು ಮದ್ದು ಹಾರಿಸಿದಷ್ಟೂ ಮೂಡಲಗಿ ಕಾಗದದ ಮೇಲೆ ಸುರಕ್ಷಿತವಾಗುತ್ತ ಹೋಗಿತ್ತು. ನಿಜ ಹೇಳಬೇಕೆಂದರೆ ಎರಡನೆಯ ಗೆರೆಯೂ ಗಟ್ಟಿಯಾದದ್ದಲ್ಲ. ಉಳಿದ ಭೂಕಂಪಗಳು ಬಹಳ ಕಡಿಮೆ, ಹಾಗಾಗಿ ಅನುಮಾನದ ಅಗಲ ದೊಡ್ಡದು. ಅದನ್ನೂ ವರದಿಯಲ್ಲಿ ಬರೆದೆ. ಗೊತ್ತಿಲ್ಲದ್ದು ಎಷ್ಟು ಎಂದು ಬರೆಯುವುದು ನಮ್ಮ ಕೆಲಸದ ಕಷ್ಟದ ಭಾಗ, ಯಾಕೆಂದರೆ ಓದುವವರು ಅದನ್ನೇ ಮೊದಲು ಹೊಡೆದುಹಾಕುತ್ತಾರೆ.

ಸಭೆ ಹುಕ್ಕೇರಿಯ ಪ್ರವಾಸಿ ಮಂದಿರದಲ್ಲಿ ನಡೆಯಿತು. ಜಿಲ್ಲೆಯಿಂದ ಬಂದ ಹಿರಿಯ ಅಧಿಕಾರಿಯೊಬ್ಬರು ಅಧ್ಯಕ್ಷರು. ಬಾಜೂಕ್ಕೆ ನಮ್ಮ ಸಾಹೇಬರು, ಎದುರಿಗೆ ಕಟ್ಟಡದ ಹೊಣೆ ಹೊತ್ತ ಎಂಜಿನಿಯರ್ ಹೊಸಮನಿ. ಹೊಸಮನಿ ಮೂಡಲಗಿಯ ಕೂಲಿಕಾರರ ಮನೆತನದಿಂದ ಓದಿ ಬಂದವರು, ಮಾತು ಕಡಿಮೆ. ನಾನು ಎರಡು ಗೆರೆ ತೋರಿಸಿ, ಸುಳ್ಳು ಭೂಕಂಪಗಳನ್ನು ತೆಗೆದ ಮೇಲೆ ಅಪಾಯ ಹೆಚ್ಚಾಗಿದೆ ಎಂದು ವಿವರಿಸಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಭೂಕಂಪ ಕಡಿಮೆಯಾದರೆ ಖುಷಿ ಪಡಬೇಕು, ನೀವು ಹೆದರಿಸುತ್ತೀರಿ ಅಂದರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವರು ಮತ್ತೆ ಕನ್ನಡಕ ಒರೆಸಿದರು. ಸಾಹೇಬರು ನಡುವೆ ಬಾಯಿ ಹಾಕಿ, ಹಳೆಯ ಪಟ್ಟಿಯ ಇಳಿಜಾರನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕ ಹಾಕಿದ್ದೇವೆ ಎಂದು ನೆನಪಿಸಿದರು.

ಆಮೇಲೆ ಇಲ್ಲಿ ಬರಬಹುದಾದ ಅತಿ ದೊಡ್ಡ ಭೂಕಂಪ ಎಷ್ಟು ಎಂಬ ಪ್ರಶ್ನೆ ಬಂತು. ನಾನು ಒಂದು ಅಂಕಿಯನ್ನು, ಅದರ ಹಿಂದುಮುಂದಿನ ಅನುಮಾನ ಸಹಿತ ಬರೆದಿದ್ದೆ.

"ಭಾಳಾತಿದು," ಅಂದರು ಅಧ್ಯಕ್ಷರು. "ಅರ್ಧಾ ಇಳಸ್ರಿ."

"ಅರ್ಧಾ ಆಗೂದಿಲ್ರಿ ಸರ್. ಬೇಕಾದ್ರ ಪಾವ ಇಳಸೋಣು," ಅಂದರು ನಮ್ಮ ಸಾಹೇಬರು, ಇಬ್ಬರಿಗೂ ಬೇಸರವಾಗದ ಹಾಗೆ.

ಜೋಡಿ ಎತ್ತಿನ ವ್ಯಾಪಾರದಲ್ಲಿ ಕೂಡ ಎತ್ತಿನ ಹಲ್ಲು ಹಿಡಿದು ನೋಡುತ್ತಾರೆ. ಇಲ್ಲಿ ಅದೂ ಇರಲಿಲ್ಲ. ಅರ್ಧ ಅಂಕಿ ಎಂದರೆ ಭೂಕಂಪದ ಶಕ್ತಿಯಲ್ಲಿ ಐದು ಪಟ್ಟನ್ನೂ ಮೀರಿದ ವ್ಯತ್ಯಾಸ ಎಂದೆ. ಹಾಗಿದ್ದರೆ ಪಾವ, ಅಂದರೆ ಕಾಲು ಅಂಕಿ ಇಳಿಸಿದರೆ ಎಷ್ಟಾಗುತ್ತದೆ ಎಂದು ಅಧ್ಯಕ್ಷರು ಕೇಳಿದರು. ಅದರಲ್ಲಿ ಏನಾದರೂ ಅನುಕೂಲ ಸಿಗಬಹುದೇ ಎಂಬ ಆಸೆ ಅವರ ಧ್ವನಿಯಲ್ಲಿತ್ತು. ಚಹಾ ಬಂತು, ಭಜಿ ಬಂತು. ಕೊನೆಗೆ ಎರಡು ಗೆರೆಗಳ ನಡುವೆ ಸರಾಸರಿ ತೆಗೆಯೋಣ ಎಂಬಲ್ಲಿಗೆ ಮಾತು ಬಂದು ನಿಂತಿತು. ಒಂದು ಗೆರೆ ಭೂಮಿಯದು, ಇನ್ನೊಂದು ಕ್ವಾರಿಯದು, ಅವುಗಳ ಸರಾಸರಿ ಯಾರದು ಎಂದು ಕೇಳಿದೆ. ನನ್ನ ಧ್ವನಿ ಏರಿತ್ತೆಂದು ಕಾಣುತ್ತದೆ, ಸಾಹೇಬರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಅಲ್ಲಿಯವರೆಗೆ ಸುಮ್ಮನಿದ್ದ ಹೊಸಮನಿ ಭಜಿಯ ಕಾಗದ ಮಡಚಿ ಬದಿಗಿಟ್ಟರು.

"ಸರ್, ನನಗ ಯಾವ ಅಂಕಿ ಕೊಟ್ರೂ ನಡೀತೈತಿ. ಡಿಸೈನ್ ಹಂಗ ಮಾಡಸ್ತೇನಿ. ಈ ಮೇಡಂ ತಮ್ಮ ಅಂಕಿ ಕೆಳಗ ಸಹಿ ಮಾಡ್ಯಾರ. ಕಡಿಮಿ ಮಾಡಿದ ಅಂಕಿ ಕೆಳಗ ಯಾರು ಸಹಿ ಮಾಡ್ತೀರಿ, ಅಷ್ಟ ಹೇಳ್ರಿ."

ಅಧ್ಯಕ್ಷರು ಸಾಹೇಬರ ಕಡೆ ನೋಡಿದರು. ಸಾಹೇಬರು ಜೇಬಿನ ಮೂರೂ ಪೆನ್ನುಗಳನ್ನು ಮುಟ್ಟಿ ನೋಡಿಕೊಂಡು, ಯಾವುದನ್ನೂ ತೆಗೆಯದೆ, ತಾವು ಸಲಹೆಗಾರರು ಮಾತ್ರ ಅಂದರು. ಅಧ್ಯಕ್ಷರು ತಾವು ತಾಂತ್ರಿಕ ವ್ಯಕ್ತಿಯಲ್ಲ ಅಂದರು. ಹತ್ತು ನಿಮಿಷದಲ್ಲಿ ಸಭೆ ಮುಗಿಯಿತು. ನನ್ನ ಎರಡನೆಯ ಗೆರೆಯೇ ಸರ್ವಾನುಮತದಿಂದ ಪಾಸಾಯಿತು. ಸಂಖ್ಯಾಶಾಸ್ತ್ರ ಕಲಿಯಲು ನಾನು ತೆಗೆದುಕೊಂಡ ವರ್ಷಗಳು ಆ ಮೇಜಿನ ಮೇಲೆ ಒಂದು ಇಂಚೂ ಮುಂದೆ ಸರಿಸಲಾರದ್ದನ್ನು ಸಹಿಯ ಹೆದರಿಕೆ ಸರಿಸಿತು. ಹೊಸದಾಗಿ ಸೇರುವವರಿಗೆ ಇದು ಬೇಸರದ ಸುದ್ದಿ ಅನಿಸಬಹುದು. ನನಗೆ ಆ ದಿನ ಹಾಗೆ ಅನಿಸಲಿಲ್ಲ.

ಮರಳುವಾಗ ಹೊಸಮನಿ ನಮ್ಮ ಜೀಪಿನಲ್ಲಿಯೇ ಬಂದರು. ಅಷ್ಟು ದಪ್ಪ ಕಂಬ ಹಾಕಿಸಲು ನಿಮಗೂ ತೊಂದರೆಯಲ್ಲವೇ ಎಂದು ಕೇಳಿದೆ. ಅವರು ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನೋಡುತ್ತ ಹೇಳಿದರು: "ನಮ್ಮ ತಂಗಿ ಮೂಡಲಗ್ಯಾಗ ಇರ್ತಾಳ್ರಿ. ಆಕಿ ಬಾಣಂತನ ಅಲ್ಲೇ."

ಆಮೇಲಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ವಚ್ಛ ಮಾಡಿದ ಪಟ್ಟಿಯನ್ನು ಮೇಲಿನ ಕಚೇರಿ ಮೆಚ್ಚಿತು. ಇನಾಮದಾರ ಸಾಹೇಬರು ಕ್ವಾರಿಯ ಅನುಮಾನ ತಮಗೆ ಮೊದಲಿನಿಂದಲೂ ಇತ್ತು ಎಂದು ಭಾಷಣ ಮಾಡಿದರು, ಶಾಲು ಹೊದ್ದರು. ಮಾಸಿಕ ವರದಿಯಲ್ಲಿ ಸಂಖ್ಯೆ ಬೀಳಬಾರದೆಂದು ಇತರೆ ಘಟನೆಗಳು ಎಂಬ ಹೊಸ ಕಾಲಮ್ಮು ಶುರು ಮಾಡಿ, ಅಂಕಲಗಿಯನ್ನು ಅದರೊಳಗೆ ಕೂರಿಸಿದರು. ಎಮ್ಮೆಗಳನ್ನೂ ಸೇರಿಸಬಹುದೇ ಎಂದು ವಿಚಾರಿಸಿದ್ದರು.

ಗಂಗವ್ವನಿಗೆ ನಾನು ಉತ್ತರ ಹೇಳಲು ಅವಳ ಮನೆಗೇ ಹೋದೆ. ಪಂಚಾಯಿತಿಯ ಹಿರಿಯರ ಮುಂದೆ, ಅವಳು ಹೇಳಿದ ದಿನ ಆ ಹೊತ್ತಿಗೆ ಭೂಕಂಪ ಆಗಿಲ್ಲ, ಸ್ಫೋಟ ಆಗಿದೆ ಎಂದು ಹೇಳಿದೆ. ಸಾವಕಾರ್ರು ವಾದ ಮಾಡಲಿಲ್ಲ. ತಮ್ಮ ಸ್ಫೋಟದ ಅಳತೆಯನ್ನು ಅವರೇ ಊರೆಲ್ಲ ಹೇಳಿಕೊಂಡು ತಿರುಗಿದ್ದರು, ಈಗ ಇಲ್ಲ ಅನ್ನುವಂತಿರಲಿಲ್ಲ. ಮದ್ದು ಕಡಿಮೆ ಮಾಡಿದರು, ತಮ್ಮದೇ ಕಲ್ಲಿನಿಂದ ಆ ಗೋಡೆ ಕಟ್ಟಿಸಿಕೊಟ್ಟರು. ಗೋಡೆ ಕೋಟೆಯ ಹಾಗೆ ಬಂದಿತ್ತು. ಅದರ ಪಕ್ಕದಲ್ಲಿ ಉಳಿದ ಮನೆ ನಾಚಿಕೊಂಡು ನಿಂತ ಹಾಗಿತ್ತು.

"ಒಂದ ಗ್ವಾಡಿ ಗಟ್ಟಿ ಆತ್ರಿ ಬಾಯಾರ," ಅಂದಳು ಗಂಗವ್ವ. "ಉಳದ ಮೂರಕ್ಕ ಯಾವ ಭೂಕಂಪ ತರ್ಲಿ?"

ನಾನು ನಿವೃತ್ತಳಾದ ಮೇಲೆ ಒಮ್ಮೆ ಮೂಡಲಗಿಯ ಆ ಆಸ್ಪತ್ರೆಗೆ ಹೋಗಿದ್ದೆ. ನನ್ನ ತಮ್ಮನ ಮಗಳು ಹೆರಿಗೆಗೆ ಸೇರಿದ್ದಳು. ಕಂಬಗಳು ನಾನು ಅಂದುಕೊಂಡಿದ್ದಕ್ಕಿಂತ ದಪ್ಪವಾಗಿದ್ದವು. ಲೆಕ್ಕದಲ್ಲಿ ಕಂಬ ಎಂದರೆ ಒಂದು ಅಂಕಿ, ಅದರ ಮಗ್ಗುಲಲ್ಲಿ ನಿಂತಾಗ ಅದು ಬೇರೆ. ಹೆರಿಗೆಯ ವಾರ್ಡಿನ ನಡುವೆಯೇ ಅಂಥದ್ದೊಂದು ನಿಂತಿತ್ತು. ಅದರ ಆಚೆ ಮಲಗಿದವರು ಈಚೆಯವರಿಗೆ ಕಾಣುತ್ತಿರಲಿಲ್ಲ. ಯಾರೋ ಅದಕ್ಕೆ ಮೊಳೆ ಹೊಡೆಯಲು ನೋಡಿ, ಆಗದೆ, ಟೇಪು ಹಚ್ಚಿ ಕ್ಯಾಲೆಂಡರ್ ಅಂಟಿಸಿದ್ದರು. ನಮ್ಮ ಬಾಣಂತಿ ಬಚ್ಚಲಿಗೆ ಹೋದ ಹೊತ್ತಿನಲ್ಲಿ, ಕೂಸು ಮಲಗಿದ್ದ ಕಾಟನ್ನು ಸರಿಸಲು ಬಂದ ಆಯಾ ಅದರ ಗಾಲಿ ಕಂಬಕ್ಕೆ ತಾಗಿ ನಿಂತಾಗ ಬೇಸರದಿಂದ ಕೈ ಬಿಟ್ಟಳು.

"ಯಾವ ಹುಚ್ಚರು ಲೆಕ್ಕಾ ಹಾಕ್ಯಾರೋ ಏನೋ ಇದನ್ನ," ಅಂದಳು ನನ್ನ ಕಡೆ ತಿರುಗಿ. "ಇದೊಂದು ಇಷ್ಟ ದಪ್ಪ ಇರಲಿಲ್ಲಂದ್ರ ಇನ್ನೊಂದು ಕಾಟ ಹಿಡಿತಿತ್ರಿ ಇಲ್ಲೆ."

ಹೇಳಲು ನನ್ನ ಹತ್ತಿರ ಬಹಳ ಇತ್ತು. ಆದರೆ ಅದೆಲ್ಲ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಆ ಊರಿನ ಮೇಲೆ ಒಂದು ಕೆಟ್ಟ ದಿನ ಬರಬೇಕು. ಅಂಥ ದಿನ ಬಾರದೆ, ಆಯಾ ತನ್ನ ಸರ್ವೀಸು ಮುಗಿಯುವವರೆಗೆ ನನ್ನನ್ನು ಬೈಯುತ್ತಲೇ ಇರಲಿ.

"ಹೌದವಾ, ಹಿಡಿತಿತ್ತು," ಅಂದೆ. ಕಾಟಿನ ಇನ್ನೊಂದು ತುದಿ ನಾನು ಹಿಡಿದುಕೊಂಡೆ. ಇಬ್ಬರೂ ಸೇರಿ ಅದನ್ನು ಎತ್ತಿ, ಕಂಬ ಸುತ್ತು ಹಾಕಿ, ಆಚೆ ಬದಿಗೆ ಇಟ್ಟೆವು. ಕೂಸಿಗೆ ಎಚ್ಚರವಾಗಲಿಲ್ಲ.